ರಾಜೀನಾಮೆಯೊಳಗಿನ ರಾಜಿ

“ಮೆಡಿಕಲ್ ರಜೆಯಲ್ಲಿದ್ದವರಿಗೆ ರಾಜೀನಾಮೆ ಮಾಡಿಸಿದರು.” ಬೈಕಂಪಾಡಿಯ ಕಾರ್ಖಾನೆಗಳಿಂದ ಮಣಿಪಾಲದ ಕಚೇರಿಗಳವರೆಗೆ ಈ ಮಾತು ಸಲೀಸಾಗಿ ಓಡಾಡುತ್ತಿದೆ. “ವಜಾ ಮಾಡಿದರು” ಎನ್ನಬೇಕಾದಲ್ಲೂ ಇದೇ. ಬಾಯಿಮಾತಿಗೆ ಹೇಗೋ ನಡೆದೀತು. ಕಾರ್ಮಿಕ ಅಧಿಕಾರಿಗೆ ಕೊಡುವ ಅರ್ಜಿಯಲ್ಲಿ ಈ ಎರಡು ಪದ ಅದಲುಬದಲಾದರೆ ಪ್ರಕರಣವೇ ಬೇರೆ ದಾರಿ ಹಿಡಿಯುತ್ತದೆ.

ರಾಜೀನಾಮೆಯಲ್ಲಿ ರಾಜನೂ ಇಲ್ಲ, ರಾಜ್ಯವೂ ಇಲ್ಲ. ಅರಬ್ಬಿಯಿಂದ ಪಾರಸಿಗೆ ಬಂದ ‘ರಾಜಿ’ ಎಂದರೆ ಒಪ್ಪಿದವನು. ಪಾರಸಿಯ ‘ನಾಮಾ’ ಎಂದರೆ ಪತ್ರ. ಕರಾರುನಾಮೆ, ಪಂಚನಾಮೆಗಳಲ್ಲಿರುವುದೂ ಇದೇ ನಾಮೆ. ಅಂದರೆ ರಾಜೀನಾಮೆ ಮೂಲದಲ್ಲಿ ಒಪ್ಪಿಗೆಪತ್ರ. ನಮ್ಮೂರಿನ ರಾಜಿ ಪಂಚಾತಿಗೆಯಲ್ಲಿ, ಲೋಕ ಅದಾಲತ್ತಿನ ರಾಜಿಯಲ್ಲಿ ಆ ಅರ್ಥ ಇವತ್ತಿಗೂ ಹಾಗೇ ಉಳಿದಿದೆ. ಬ್ರಿಟಿಷರ ಕಾಲದ ಮುಂಬಯಿ ಪ್ರಾಂತದ ಕಂದಾಯ ದಫ್ತರಗಳಲ್ಲಿ ರೈತ ಹಿಡುವಳಿ ಬಿಟ್ಟುಕೊಡಲು ಬರೆದುಕೊಡುತ್ತಿದ್ದ ಪತ್ರವೂ ರಾಜೀನಾಮೆಯೇ. ಅಲ್ಲಿಯೂ ಒಪ್ಪಿ ಬಿಟ್ಟದ್ದು ಎಂಬುದೇ ಜೀವಾಳ. ‘ವಜಾ’ದ ಕಥೆ ಬೇರೆ. ಮರಾಠಿಯಲ್ಲಿ ಕಳೆಯುವ ಲೆಕ್ಕಕ್ಕೆ ವಜಾಬಾಕಿ ಎನ್ನುತ್ತಾರೆ. ಕಳೆಯುವ ಕೈ ಇನ್ನೊಬ್ಬರದು. ಹಾಗಿರುವಾಗ ‘ಬಲವಂತದ ರಾಜೀನಾಮೆ’ ಎಂದು ಬರೆಯುವುದು ಏಕೆ? ಒಪ್ಪಿಗೆ ಇಲ್ಲದ ಮೇಲೆ ಅದು ರಾಜೀನಾಮೆಯೇ ಅಲ್ಲ, ಮಾಲೀಕರೇ ಕೆಲಸದಿಂದ ತೆಗೆದದ್ದು.

ಇದು ಬರೀ ಪದದ ಜಗಳವಲ್ಲ. ಸಹಿ ಹಾಕಿದ ರಾಜೀನಾಮೆ ಕಡತದಲ್ಲಿದ್ದರೆ ಒತ್ತಡ ಹೇರಿದ್ದರೆಂದು ತೋರಿಸುವ ಹೊರೆ ನೌಕರರ ಹೆಗಲಿಗೆ ಬೀಳುತ್ತದೆ. ವಜಾ ಆದೇಶವಿದ್ದರೆ ಅದಕ್ಕೆ ಕಾರಣವನ್ನೂ ವಿಚಾರಣೆಯನ್ನೂ ಮಾಲೀಕರೇ ತೋರಿಸಬೇಕು. ಆಸ್ಪತ್ರೆಯ ಹಾಸಿಗೆಗೆ ಟೈಪ್ ಮಾಡಿದ ಕಾಗದ ಬರುವುದು ಇದಕ್ಕೇ. ಸಹಿ ಹಾಕಬೇಡಿ. ಹಾಕಿಯಾಗಿದ್ದರೆ, ಅದು ಜಾರಿಗೆ ಬರುವ ದಿನದ ಮೊದಲೇ “ಹಿಂಪಡೆದಿದ್ದೇನೆ” ಎಂದು ಇಮೇಲ್‌ನಲ್ಲೂ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಯಾರು, ಯಾವ ದಿನ, ಏನೆಂದು ಕೇಳಿದರು ಎಂಬುದನ್ನು ಅದರಲ್ಲೇ ಬರೆಯಿರಿ. ವೈದ್ಯಕೀಯ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ಫೋನಿನಲ್ಲಿ ಹೇಳಿದ್ದು ಎಲ್ಲೂ ದಾಖಲಾಗುವುದಿಲ್ಲ.

‘ತಾನಾಗಿ ಕೆಲಸ ಬಿಟ್ಟಿದ್ದಾರೆ’ ಎಂಬುದು ಇದರ ಇನ್ನೊಂದು ವೇಷ. ರಜೆ ಅರ್ಜಿ ತಲುಪಲಿಲ್ಲ, ಎಂಟು ದಿನ ಗೈರು, ಹೆಸರು ತೆಗೆದೆವು ಎನ್ನುತ್ತಾರೆ. 1993ರ ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥದ್ದನ್ನೇ ತಳ್ಳಿಹಾಕಿತು: ಸ್ಥಾಯಿ ಆದೇಶದಲ್ಲಿ, ಅಂದರೆ ಕಾರ್ಖಾನೆಯ ಸೇವಾ ನಿಯಮಗಳಲ್ಲಿ, ಹಾಗೆಂದಿದ್ದರೂ ನೌಕರರ ಮಾತು ಕೇಳದೆ ಹೆಸರು ತೆಗೆಯುವಂತಿಲ್ಲ. ಆದ್ದರಿಂದ ರಜೆ ಅರ್ಜಿಗೆ ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಔಷಧಿಯಷ್ಟೇ ಮುಖ್ಯ.

ದೂರು ಹೋಗಬೇಕಾದದ್ದು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ವಿವಾದ ಹುಟ್ಟಿ 2 ವರ್ಷ ದಾಟಿದರೆ ಸಂಧಾನ ನಡೆಯುವುದಿಲ್ಲ. ಅಲ್ಲಿ ಬಗೆಹರಿಯದಿದ್ದರೆ ಸಂಧಾನಾಧಿಕಾರಿಯ ವರದಿ ಕೈಗೆ ಬಂದ 90 ದಿನದೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಮ್ಯಾನೇಜರ್‌ಗಳಿಗೆ ಈ ದಾರಿ ಇಲ್ಲ. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕರಿಗೂ ಇಲ್ಲ. ಅಂಗಡಿ, ಕಚೇರಿಗಳಲ್ಲಿ 6 ತಿಂಗಳು ದುಡಿದವರನ್ನು ತೆಗೆಯಲು ಸರಿಯಾದ ಕಾರಣವೂ ಒಂದು ತಿಂಗಳ ನೋಟಿಸ್ ಅಥವಾ ಸಂಬಳವೂ ಬೇಕೆಂದು 1961ರ ಕರ್ನಾಟಕ ಅಂಗಡಿ ಕಾಯ್ದೆಯ 39ನೇ ಕಲಂ ಹೇಳುತ್ತದೆ.

ಗ್ರಾಚ್ಯುಟಿ ಮಾತ್ರ ಪದ ಯಾವುದಿದ್ದರೂ ಕೇಳಬಹುದು. 5 ವರ್ಷ ತುಂಬಿದ್ದರೆ ರಾಜೀನಾಮೆ ಕೊಟ್ಟವರಿಗೂ ಸಿಗುತ್ತದೆ: ಕೊನೆಯ ತಿಂಗಳ ಸಂಬಳ ಗುಣಿಸು 15, ಭಾಗಿಸು 26, ಗುಣಿಸು ಸೇವೆಯ ವರ್ಷ. ಕಾಯಿಲೆಯ ರಜೆಯ ದಿನಗಳು ಆ ಸೇವೆಯಲ್ಲೇ ಸೇರುತ್ತವೆ. “ರಜೆಯಲ್ಲಿದ್ದಿರಿ, ಆ ತಿಂಗಳು ಲೆಕ್ಕಕ್ಕಿಲ್ಲ” ಎಂದರೆ ಒಪ್ಪಬೇಡಿ.