ಸಿಡುಬು, ಸಿಡಿಲು, ಪ್ರವಚನ: ವಸಾಹತು ಅಮೆರಿಕದಲ್ಲಿ ಧರ್ಮ ಮತ್ತು ವಿಚಾರ

1721ರಲ್ಲಿ ಬಾಸ್ಟನ್ನಿಗೆ ಸಿಡುಬು ಬಂತು. ಊರಲ್ಲಿದ್ದವರೇ ಸುಮಾರು 11,000 ಜನ. ಅರ್ಧಕ್ಕಿಂತ ಜಾಸ್ತಿ ಮಂದಿ ಹಾಸಿಗೆ ಹಿಡಿದರು, 800ಕ್ಕೂ ಹೆಚ್ಚು ಜನ ಸತ್ತರು. ಆಗ ಒಬ್ಬಾತ ಉಪಾಯ ಹೇಳಿದ. ರೋಗಿಯ ಗುಳ್ಳೆಯಿಂದ ಕೀವು ತೆಗೆದು, ಗಟ್ಟಿಮುಟ್ಟಾಗಿ ಇರುವವರ ಚರ್ಮ ಗೀರಿ ಹಚ್ಚಿ. ರೋಗ ಹಗುರವಾಗಿ ಬಂದು ಹೋಗುತ್ತದೆ. ನಮ್ಮಲ್ಲಿ ದೇವಿ ಹಾಕಿಸುವುದು ಅನ್ನುತ್ತಿದ್ದರಲ್ಲ, ಹೆಚ್ಚುಕಡಿಮೆ ಅದರ ಪೂರ್ವಜ.

ಹೇಳಿದ್ದು ವೈದ್ಯನಲ್ಲ, ಕಾಟನ್ ಮ್ಯಾಥರ್ ಎಂಬ ಪಾದ್ರಿ. ಬಾಸ್ಟನ್ನಿಗೆ ಹತ್ತಿರದ ಸೇಲಂನ ಮಾಟಗಾತಿ ವಿಚಾರಣೆಗಳನ್ನು ಸಮರ್ಥಿಸಿ ಬರೆದಿದ್ದ ಅದೇ ಮ್ಯಾಥರ್! ಆತನಿಗೆ ಇದನ್ನು ತಿಳಿಸಿದ್ದು ಅವನ ಮನೆಯಲ್ಲಿ ಗುಲಾಮನಾಗಿದ್ದ ಆಫ್ರಿಕದ ಒನೆಸಿಮಸ್. ಜೋರಾಗಿ ವಿರೋಧಿಸಿದವನು ಊರಲ್ಲಿ ವೈದ್ಯಕೀಯ ಪದವಿ ಇದ್ದ ವಿಲಿಯಂ ಡಗ್ಲಾಸ್. ಅವನ ಬೆನ್ನಿಗೆ ನಿಂತದ್ದು ಜೇಮ್ಸ್ ಫ್ರಾಂಕ್ಲಿನ್ನನ ಪತ್ರಿಕೆ. ಆ ಅಚ್ಚುಕೂಟದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಅವನ ತಮ್ಮ, ಮುಂದೆ ವಿಜ್ಞಾನಿ, ರಾಜಕಾರಣಿ ಎಂದು ಹೆಸರಾದ ಬೆಂಜಮಿನ್ ಫ್ರಾಂಕ್ಲಿನ್. ಮುಂದೆ 1736ರಲ್ಲಿ ಬೆಂಜಮಿನ್‌ನ ನಾಲ್ಕು ವರ್ಷದ ಮಗ ಸಿಡುಬಿನಿಂದಲೇ ತೀರಿಕೊಂಡ. ಅವನಿಗೆ ಈ ಚಿಕಿತ್ಸೆ ಮಾಡಿಸಿರಲಿಲ್ಲ.

ಪಾಠಪುಸ್ತಕಗಳು ಈ ಕಾಲವನ್ನು ಎರಡು ಬಣವಾಗಿ ಹಂಚುತ್ತವೆ: ಒಂದು ಕಡೆ 'ಮಹಾ ಜಾಗೃತಿ' ಎಂಬ ಧಾರ್ಮಿಕ ಅಲೆ, ಇನ್ನೊಂದು ಕಡೆ ವೈಚಾರಿಕತೆ. ಹತ್ತಿರದಿಂದ ನೋಡಿದರೆ ಈ ಗೆರೆ ನಿಲ್ಲುವುದೇ ಇಲ್ಲ.

ಅಲೆಯ ಮೊದಲ ದೊಡ್ಡ ಹೆಸರು ಮ್ಯಾಸಚೂಸೆಟ್ಸ್ ವಸಾಹತಿನ ಪಾದ್ರಿ ಜೋನಾಥನ್ ಎಡ್ವರ್ಡ್ಸ್. ನಾರ್ಥ್‌ಹ್ಯಾಂಪ್ಟನ್‌ನಲ್ಲಿ 1734ರ ಕೊನೆಗೆ ಅವನ ಪ್ರವಚನ ಕೇಳಿ ಊರಿಗೆ ಊರೇ ಬದಲಾಯಿತು. ನರಕದ ಬೆಂಕಿಯನ್ನು ವರ್ಣಿಸಿ ಜನರನ್ನು ನಡುಗಿಸಿದ ಈ ಮನುಷ್ಯ ವಿಜ್ಞಾನಿ ನ್ಯೂಟನ್ ಮತ್ತು ತತ್ವಜ್ಞಾನಿ ಲಾಕ್ ಇಬ್ಬರನ್ನೂ ಓದಿಕೊಂಡಿದ್ದ. ಕೊನೆಗೆ 1758ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಆ ಸಿಡುಬಿನ ಚಿಕಿತ್ಸೆಯನ್ನು ತಾನೇ ಮಾಡಿಸಿಕೊಂಡು, ಅದರಿಂದಲೇ ಸತ್ತ.

1739ರಲ್ಲಿ ಇಂಗ್ಲೆಂಡಿನಿಂದ ಪಾದ್ರಿ ಜಾರ್ಜ್ ವೈಟ್‌ಫೀಲ್ಡ್ ಫಿಲಡೆಲ್ಫಿಯಾಕ್ಕೆ ಬಂದ. ಇನ್ನೂ 25 ತುಂಬದ ಹುಡುಗ, ಕಂಚಿನ ಕಂಠ. ಒಂದು ಸಂಜೆ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದ. ಜನ ಕಣ್ಣೀರಿಡುತ್ತಿದ್ದರೆ ಬೆಂಜಮಿನ್ ಫ್ರಾಂಕ್ಲಿನ್ ನದಿಯ ಕಡೆ ಹಿಂದಕ್ಕೆ ಹೆಜ್ಜೆ ಹಾಕುತ್ತ, ಎಲ್ಲಿಯ ತನಕ ಮಾತು ಕೇಳುತ್ತದೆ ಅಂತ ನೋಡುತ್ತಿದ್ದ! ಅಷ್ಟು ದೂರವನ್ನು ಅರ್ಧವೃತ್ತದ ತ್ರಿಜ್ಯ ಮಾಡಿ, ಒಬ್ಬೊಬ್ಬರಿಗೆ 2 ಚದರ ಅಡಿ ಅಂತ ಲೆಕ್ಕ ಹಾಕಿದ: 30,000ಕ್ಕೂ ಹೆಚ್ಚು ಜನರಿಗೆ ಈ ದನಿ ಮುಟ್ಟಬಹುದು. ಫ್ರಾಂಕ್ಲಿನ್ ಮತಾಂತರವಾಗಲಿಲ್ಲ. ಆದರೆ ವೈಟ್‌ಫೀಲ್ಡ್‌ನ ಪ್ರವಚನಗಳನ್ನು ಅಚ್ಚು ಹಾಕಿದ, ಕಾಸೂ ಮಾಡಿಕೊಂಡ, ಗೆಳೆತನವನ್ನೂ ಉಳಿಸಿಕೊಂಡ. ಆ ಸಭೆಗಳಿಗಾಗಿ ಜನ ಕಟ್ಟಿಸಿದ ಕಟ್ಟಡದಲ್ಲೇ 1751ರಲ್ಲಿ ಫ್ರಾಂಕ್ಲಿನ್‌ನ ಅಕಾಡೆಮಿ ನೆಲೆಯೂರಿತು. ಇವತ್ತಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅಲ್ಲಿಂದ ಬೆಳೆದದ್ದು.

ಇಬ್ಬರೂ ಜನರಿಗೆ ಕಲಿಸಿದ್ದು ಒಂದೇ ಚಾಳಿ, ಅಲ್ವಾ? ಗುರುವೋ ಅಧಿಕಾರಿಯೋ ಹೇಳಿದ ಅಂತ ಸುಮ್ನೆ ಒಪ್ಪಬೇಡಿ, ನೀವೇ ನೋಡಿ. ಜಾಗೃತಿಗೆ ಸಿಕ್ಕಿದವರು ತಮ್ಮ ಊರಿನ ಪಾದ್ರಿಯನ್ನೇ 'ಇವನಿಗೆ ದೇವರ ಅನುಭವ ಆಗಿದೆಯಾ' ಎಂದು ಪ್ರಶ್ನಿಸಿ, ಬೇರೆ ಚರ್ಚು ಕಟ್ಟಿದರು. ಇದನ್ನು ಹುಚ್ಚು ಎಂದ ಬಾಸ್ಟನ್ನಿನ ಪಾದ್ರಿ ಚಾರ್ಲ್ಸ್ ಚಾನ್ಸಿ ವಿಚಾರವಾದಿ, ಆದರೆ ಈ ವಿಷಯದಲ್ಲಿ ಹಳೆಯ ವ್ಯವಸ್ಥೆಯ ಕಾವಲುಗಾರ.

ಜಗಳ ಇರಲೇ ಇಲ್ಲ ಅಂತಲ್ಲ. 1755ರಲ್ಲಿ ಬಾಸ್ಟನ್ನನ್ನು ಅಲುಗಿಸಿದ ಭೂಕಂಪದ ನಂತರ, ಫ್ರಾಂಕ್ಲಿನ್‌ನ ಆವಿಷ್ಕಾರವಾದ ಸಿಡಿಲುಗಂಬಿಗಳು ಮಿಂಚನ್ನು ನೆಲಕ್ಕೆ ಇಳಿಸಿದ್ದೇ ಕಾರಣವಿರಬಹುದು ಎಂದು ಥಾಮಸ್ ಪ್ರಿನ್ಸ್ ಎಂಬ ಪಾದ್ರಿ ಬರೆದ. ಹಾರ್ವರ್ಡ್‌ನ ಪ್ರಾಧ್ಯಾಪಕ ಜಾನ್ ವಿಂತ್ರಾಪ್ ಅದಕ್ಕೆ ಖಾರವಾಗಿ ಉತ್ತರಿಸಿದ.

ಗುಲಾಮಗಿರಿಯ ವಿಷಯದಲ್ಲಿ ಮಾತ್ರ ಎರಡೂ ಬೆಳಕು ಮಂಕು. ಫ್ರಾಂಕ್ಲಿನ್‌ನ ಪತ್ರಿಕೆ ಗುಲಾಮರ ಮಾರಾಟದ ಜಾಹೀರಾತು ಅಚ್ಚು ಹಾಕುತ್ತಿತ್ತು, ಅವನ ಮನೆಯಲ್ಲೂ ಗುಲಾಮರಿದ್ದರು. ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದದ್ದು 1787ರಲ್ಲಿ, ವಯಸ್ಸು 80 ದಾಟಿದ ಮೇಲೆ. ವೈಟ್‌ಫೀಲ್ಡ್ ಅಷ್ಟೂ ದೂರ ಬರಲಿಲ್ಲ. ಜಾರ್ಜಿಯಾದಲ್ಲಿ ಗುಲಾಮಗಿರಿಗೆ ಅನುಮತಿ ಕೊಡಿ ಎಂದು ಒತ್ತಾಯಿಸಿದವರಲ್ಲಿ ಆತನೂ ಒಬ್ಬ. 1770ರಲ್ಲಿ ಸತ್ತಾಗ ತನ್ನ ಅನಾಥಾಲಯದ ಜಮೀನಿನ ಜೊತೆಗೆ ಅಲ್ಲಿನ ಗುಲಾಮರನ್ನೂ ಉಯಿಲು ಬರೆದು ಇಂಗ್ಲೆಂಡಿನ ಹಂಟಿಂಗ್‌ಡನ್ ಕೌಂಟೆಸ್ ಎಂಬ ಶ್ರೀಮಂತ ಮನೆತನದ ಮಹಿಳೆಗೆ ಬಿಟ್ಟುಹೋದ.