ಗಾಜಿನ ಕುಂಬಳಕಾಯಿ ಒಡೆಯುವುದು ತೊಟ್ಟಿನ ಬುಡದಲ್ಲೇ

ಅಮೆರಿಕದಲ್ಲಿ ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಉಂಡು ಕೃತಜ್ಞತೆ ಹೇಳಿಕೊಳ್ಳುವ ಹಬ್ಬ. ಲಿಂಕನ್ ಇದನ್ನು ಇಡೀ ದೇಶದ ಆಚರಣೆಯಾಗಿ ಘೋಷಿಸಿದ್ದು 1863ರಲ್ಲಿ. ನಾಲ್ಕನೇ ಗುರುವಾರವೇ ಎಂದು ಕಾನೂನು ಬಂದದ್ದು 1941ರಲ್ಲಿ. ಊಟದ ಮೇಜಿನ ಮಧ್ಯೆ ಕುಂಬಳಕಾಯಿ ಇಡುವುದು ಅಲ್ಲಿನ ವಾಡಿಕೆ. ಈಗ ಎಷ್ಟೋ ಮನೆಗಳಲ್ಲಿ ಆ ಜಾಗದಲ್ಲಿ ಊದಿ ಮಾಡಿದ ಗಾಜಿನ ಕಾಯಿ ಕೂತಿರುತ್ತದೆ. ಮೆಸಾಚುಸೆಟ್ಸ್‌ನ ಎಂಐಟಿ ವಿಶ್ವವಿದ್ಯಾಲಯದಲ್ಲಿರುವ ಗ್ಲಾಸ್ ಲ್ಯಾಬ್ ಇಂಥ ಕಾಯಿಗಳನ್ನು ಹುಲ್ಲುಹಾಸಿನ ಮೇಲೆ ಹರಡಿ ಮಾರಿ, ಆ ಹಣವನ್ನು ತನ್ನ ಖರ್ಚಿಗೆ ಬಳಸಿಕೊಳ್ಳುತ್ತದೆ.

ಕುಲುಮೆಯಲ್ಲಿ ಗಾಜು 1,100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಊದುಕೊಳವೆಯ ತುದಿಗೆ ಅದನ್ನು ಸುತ್ತಿಕೊಂಡು, ಬಣ್ಣದ ಗಾಜಿನ ಪುಡಿಯ ಮೇಲೆ ಹೊರಳಿಸಿ, ಮತ್ತೆ ಕಾಯಿಸಿ, ಸಣ್ಣ ಗುಳ್ಳೆ ಊದುತ್ತಾರೆ. ಒಳಗೋಡೆಯಲ್ಲಿ ಏಣುಗಳಿರುವ ಲೋಹದ ಅಚ್ಚಿಗೆ ಆ ಗುಳ್ಳೆಯನ್ನು ಇಳಿಸಿ ಜೋರಾಗಿ ಊದಬೇಕು. ಏಣು ತಾಗಿದ ಕಡೆ ಗಾಜು ತಣಿದು ಬಿಗಿಯುತ್ತದೆ, ನಡುವಿನದು ಬಿಸಿಯಾಗಿಯೇ ಉಳಿಯುತ್ತದೆ. ಅಚ್ಚಿನಿಂದ ತೆಗೆದು ಇನ್ನಷ್ಟು ಊದಿದಾಗ ಬಿಸಿ ಭಾಗ ಉಬ್ಬುತ್ತದೆ, ಬಿಗಿದ ಗೆರೆ ಒಳಸರಿದು ನಿಲ್ಲುತ್ತದೆ. ಇಲ್ಲಿ ಕಾವು ಹೆಚ್ಚಾದರೆ ಮೇಲ್ಮೈ ಎಳೆತ ಗೆರೆಗಳನ್ನು ಅಳಿಸಿಬಿಡುತ್ತದೆ; ಕುಂಬಳಕಾಯಿ ಹೋಗಿ ಚೆಂಡಾಗುತ್ತದೆ. ಕಿತ್ತಳೆ ಬಣ್ಣದ್ದೂ ಇದೇ ಹಟ. ಅದು ಕ್ಯಾಡ್ಮಿಯಂ, ಗಂಧಕ, ಸೆಲೆನಿಯಂ ಸೇರಿದ ಅತಿಸೂಕ್ಷ್ಮ ಹರಳುಗಳಿಂದ ಬರುವ ಬಣ್ಣ. ಮರುಕಾವಿನಲ್ಲಿ ಆ ಹರಳುಗಳು ಅಳತೆ ಮೀರಿ ಬೆಳೆದರೆ ಕಂದು ತಿರುಗುತ್ತದೆ.

ಇಷ್ಟೆಲ್ಲ ಅಭ್ಯಾಸದಿಂದ ಕೈಗೆ ಬರುತ್ತದೆ. ನಿಜವಾದ ಪರೀಕ್ಷೆ ತೊಟ್ಟಿನದು.

ಕಾಯಿಯನ್ನು ಕೊಳವೆಯಿಂದ ಬಿಡಿಸಿದಾಗ ಮೇಲೊಂದು ತೂತು ಉಳಿಯುತ್ತದೆ. ಇನ್ನೊಬ್ಬರು ತರುವ ಕೆಂಡದಂಥ ಗಾಜಿನ ಮುದ್ದೆಯನ್ನು ಅದರ ಮೇಲೆ ಇಳಿಬಿಟ್ಟು, ಎಳೆದು, ಸಲಾಕೆಗೆ ಸುತ್ತಿ ತಿರುಚಿ, ಕತ್ತರಿಸುತ್ತಾರೆ. ಕೆಲವೇ ಸೆಕೆಂಡುಗಳ ಕೆಲಸ. ಅಷ್ಟರಲ್ಲಿ ಕಾಯಿಯ ಮೈ 500 ಡಿಗ್ರಿಗಿಂತ ಕೆಳಗಿಳಿದಿದ್ದರೆ ಮುದ್ದೆ ತಾಗಿದ ಏಟಿಗೆ ಬಿರುಕು ಬಿಡಬಹುದು; ಅದಕ್ಕೇ ಬರ್ನರ್ ಜ್ವಾಲೆಯಿಂದ ಮೈ ಬಿಸಿ ಕಾಯುತ್ತಿರುತ್ತಾರೆ. ತೀರಾ ಬಿಸಿಯಿದ್ದರೆ ತೊಟ್ಟು ಒಳಕ್ಕೆ ಕುಸಿಯುತ್ತದೆ. ಇನ್ನೊಂದು ಸ್ವಾರಸ್ಯ: 500 ಡಿಗ್ರಿಯಲ್ಲಿ ತೂತು ಪೂರ್ತಿ ಮುಚ್ಚಿಕೊಂಡರೆ, ತಣಿದ ಮೇಲೆ ಒಳಗಿನ ಗಾಳಿಯ ಒತ್ತಡ ಹೊರಗಿನದರ ಐದರಲ್ಲಿ ಎರಡು ಪಾಲಷ್ಟೇ.

ತೊಟ್ಟಿಗೆ ಬೇರೆ ಜಾತಿಯ ಗಾಜು ಬಳಸಿದರಂತೂ ಕಾಯಿ ಉಳಿಯುವುದು ಅನುಮಾನ. ಕಾಯಿಯದು 96, ತೊಟ್ಟಿನದು 104 ಎಂಬ ಹಿಗ್ಗುವಿಕೆಯ ಅಂಕಿ (ಒಂದು ಡಿಗ್ರಿ ಕಾವೇರಿದರೆ ಗಾಜು ಕೋಟಿಯಲ್ಲಿ ಎಷ್ಟು ಪಾಲು ಉದ್ದವಾಗುತ್ತದೆ ಎಂಬ ಲೆಕ್ಕ) ಇದ್ದರೆ, 480 ಡಿಗ್ರಿ ತಣಿಯುವಷ್ಟರಲ್ಲಿ 10 ಸೆಂಟಿಮೀಟರಿಗೆ 0.04 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಒಂದು ಕೂದಲಿನಷ್ಟೂ ದಪ್ಪವಿಲ್ಲ. ಆದರೂ ಬಗ್ಗಲು ಒಲ್ಲದ ಗಾಜಿನಲ್ಲಿ ಅದು ಹುಟ್ಟಿಸುವ ಎಳೆತ ಒಡೆಯಲು ಸಾಕಾಗುತ್ತದೆ.

ಗಾಜು ಒಂದೇ ಜಾತಿಯದಾದರೂ ತೆಳು ಗೋಡೆ ಬೇಗ, ದಪ್ಪ ತೊಟ್ಟು ತಡವಾಗಿ ತಣಿಯುತ್ತದೆ. ತಡವಾಗಿ ಕುಗ್ಗುವ ತೊಟ್ಟು ಆಗಲೇ ಗಟ್ಟಿಯಾದ ಗೋಡೆಯನ್ನು ಜಗ್ಗುತ್ತದೆ. ಹಾಗಾಗಿ ಕಾಯಿ ನೇರ ಹದಗೂಡಿಗೆ ಹೋಗಬೇಕು. ಅಲ್ಲಿ ಗಾಜಿನ ಜಾತಿಗೆ ತಕ್ಕಂತೆ 480ರಿಂದ 510 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಇಟ್ಟರೆ ಆಕಾರ ಕೆಡದೆ ಒಳಗಿನ ಬಿಗಿತ ಸಡಿಲಗೊಳ್ಳುತ್ತದೆ. ಆಮೇಲೆ ಗಂಟೆಗೆ 50 ಡಿಗ್ರಿಯಂತೆ ಇಳಿಸುತ್ತ ರಾತ್ರಿಯಿಡೀ ತಣಿಸಬೇಕು. ತೊಟ್ಟು ದಪ್ಪವಿದ್ದಷ್ಟೂ ಹೆಚ್ಚು ಹೊತ್ತು. ಅವಸರಪಟ್ಟ ಕಾಯಿ ಮಾರನೆಯ ದಿನ ಚೆನ್ನಾಗಿಯೇ ಕಾಣಬಹುದು, ವಾರಗಳ ಮೇಲೆ ಕಪಾಟಿನಲ್ಲಿ ತಾನಾಗಿ ಸೀಳಬಹುದು.

ಪಾರದರ್ಶಕ ಕಾಯಿಯಾದರೆ ಈ ಬಿಗಿತವನ್ನು ಮನೆಯಲ್ಲೇ ನೋಡಬಹುದು. ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಪೋಲರಾಯ್ಡ್ ತಂಪುಕನ್ನಡಕದ ಗಾಜನ್ನು ಕಣ್ಣೆದುರು ಹಿಡಿದು ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ಕಾಯಿಯನ್ನು ನಡುವೆ ತನ್ನಿ. ಬಿಗಿತವಿಲ್ಲದ ಗಾಜು ಹೆಚ್ಚುಕಡಿಮೆ ಕಪ್ಪಾಗಿಯೇ ಉಳಿಯುತ್ತದೆ. ಬಿಗಿತವಿದ್ದಲ್ಲಿ ಬೆಳಕಿನ ಕಲೆ ಮೂಡುತ್ತದೆ. ಮೊದಲು ತೊಟ್ಟಿನ ಬುಡ ನೋಡಿ. ಅಲ್ಲಿ ಹೊಳಪು ಜೋರಾಗಿದ್ದರೆ ಆ ಕಾಯಿಯನ್ನು ಬಿಸಿನೀರಿನಲ್ಲಿ ತೊಳೆಯಬೇಡಿ, ಮೇಣದಬತ್ತಿಯ ಹತ್ತಿರ ಇಡಬೇಡಿ. ತೊಟ್ಟು ಹಿಡಿದು ಎತ್ತುವುದಂತೂ ಯಾವ ಗಾಜಿನ ಕುಂಬಳಕಾಯಿಗೂ ಬೇಡ.