ನೋಯೋದು ಒಂದು ಹಲ್ಲು, ಎಕ್ಸ್‌ರೇ ಇಡೀ ದವಡೆಗೆ ಯಾಕೆ?

ಸಿಂಧನೂರಿನ ಓದುಗರೊಬ್ಬರ ಪ್ರಶ್ನೆ: "ಕೆಳಗಿನ ಬುದ್ಧಿಹಲ್ಲು ನೋಯುತ್ತಿದೆ. ಡಾಕ್ಟರು ರಾಯಚೂರಿಗೆ ಹೋಗಿ ಒಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ, ಮಾಡಿಸಿಕೊಂಡು ಬನ್ನಿ ಅಂದರು. ಒಂದು ಹಲ್ಲಿಗೆ ಅಷ್ಟು ದೊಡ್ಡ ಎಕ್ಸ್‌ರೇ ಬೇಕಾ? ಸುಮ್ನೆ ದುಡ್ಡು ದಂಡ ಅಲ್ವಾ?"

ಬುದ್ಧಿಹಲ್ಲು ಅಂದ್ಮೇಲೆ ದಂಡ ಅಲ್ಲ. ಬಾಯೊಳಗೆ ಇಡುವ ಚಿಕ್ಕ ಫಿಲ್ಮಿನಲ್ಲಿ ಮೂರ್ನಾಲ್ಕು ಹಲ್ಲು ಕಂಡರೆ ಹೆಚ್ಚು. ಅದನ್ನು ಅಷ್ಟು ಹಿಂದಕ್ಕೆ ತಳ್ಳಿದರೆ ವಾಕರಿಕೆ ಬರುತ್ತದೆ. ನಮ್ಮ ಕಡೆ ಗುಟ್ಕಾ ಹಾಕಿ ಹಾಕಿ ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯದವರು ಇದ್ದಾರೆ, ಅವರಿಗಂತೂ ಒಳಗೆ ಫಿಲ್ಮ್ ಇಡೋದೇ ಕಷ್ಟ. ಒಪಿಜಿಯಲ್ಲಿ ಹಲ್ಲು ಯಾವ ಕಡೆ ವಾಲಿದೆ, ಬೇರು ಎಷ್ಟಿವೆ, ಮುಖ್ಯವಾಗಿ ಕೆಳದವಡೆಯೊಳಗೆ ಹಾದುಹೋಗುವ ನರ ಎಷ್ಟು ಹತ್ತಿರ ಇದೆ ಅನ್ನೋದು ಕಾಣುತ್ತದೆ. ಕೀಳುವಾಗ ಆ ನರಕ್ಕೆ ಪೆಟ್ಟಾದರೆ ಕೆಳತುಟಿ ಜೋಮು ಹಿಡಿದಂತೆ ಆಗಬಹುದು.

ಮಾಡಿಸಿಕೊಳ್ಳೋದು ಸುಲಭ. ಗದ್ದ ಊರಿ, ಮುಂದಿನ ಹಲ್ಲಲ್ಲಿ ಕಡ್ಡಿ ಕಚ್ಚಿ, ನಾಲಿಗೆಯನ್ನು ಮೇಲಕ್ಕೆ ಅಂಟಿಸಿ ಅಲುಗಾಡದೆ ನಿಂತರೆ 15 ಸೆಕೆಂಡಿನ ಆಸುಪಾಸಿನಲ್ಲಿ ಯಂತ್ರ ತಲೆ ಸುತ್ತಿ ಬರುತ್ತದೆ. ಆದರೆ ಕಿವಿ, ಮೂಗು, ಕೊರಳಿನ ಒಡವೆ ಎಲ್ಲ ಬಿಚ್ಚಲೇಬೇಕು. ನಮ್ಮ ಚಿಕ್ಕಮ್ಮ ಬೆಂಡೋಲೆ ಬಿಚ್ಚೋಕೆ ಒಪ್ಪಲಿಲ್ಲ. ಎಕ್ಸ್‌ರೇಯಲ್ಲಿ ಎಡಗಿವಿಯ ಓಲೆ ತನ್ನ ಜಾಗದಲ್ಲಿ ಮೂಡಿದ್ದಲ್ಲದೆ, ಅದರ ಮಬ್ಬು ನೆರಳು ಬಲಗಡೆಯ ಮೇಲ್ದವಡೆ ಮೇಲೂ ದೊಡ್ಡದಾಗಿ ಕೂತಿತ್ತು. ಯಂತ್ರ ಸುತ್ತುವಾಗ ಲೋಹದ್ದು ಹೀಗೆ ಆಚೆ ಬದಿಗೂ ಮೂಡುತ್ತದೆ. ಮತ್ತೆ ತೆಗೆಸಬೇಕಾಯಿತು.

ರೇಡಿಯೇಷನ್ ಹೆದರಿಕೆಯೂ ಅಷ್ಟಾಗಿ ಬೇಡ. ಡಿಜಿಟಲ್ ಒಪಿಜಿಗೆ ಸುಮಾರು 20 ಮೈಕ್ರೋಸೀವರ್ಟ್. ಮಣ್ಣು, ಕಲ್ಲು, ಆಕಾಶದಿಂದ ನಮಗೆ ವರ್ಷಕ್ಕೆ ಸರಾಸರಿ 2,400 ತಾಗುತ್ತಲೇ ಇರುತ್ತದೆ, ಅಂದರೆ ಇದು ಮೂರು ದಿನದ ಪಾಲು. ಬಸುರಿಯಾಗಿದ್ದರೆ ಮಾತ್ರ ಮೊದಲೇ ಹೇಳಿಬಿಡಿ.

ಹಾಗಂತ ಎಲ್ಲಕ್ಕೂ ಒಪಿಜಿ ಬೇಡ. ಎರಡು ಹಲ್ಲಿನ ಸಂದಿಯ ಸಣ್ಣ ಹುಳುಕು ಇದರಲ್ಲಿ ಸರಿಯಾಗಿ ಕಾಣೋದಿಲ್ಲ, ಅದಕ್ಕೆ ಬಾಯೊಳಗಿನ ಫಿಲ್ಮೇ ವಾಸಿ. ನಿಮ್ಮ ಒಪಿಜಿಯಲ್ಲಿ ಬೇರು ನರಕ್ಕೆ ತಾಗಿದಂತೆ ಕಂಡರೆ ಡಾಕ್ಟರು ಸಿಬಿಸಿಟಿ ಅನ್ನುವ ತ್ರೀಡಿ ಸ್ಕ್ಯಾನ್ ಹೇಳಬಹುದು. ಅದರ ಖರ್ಚೂ ರೇಡಿಯೇಷನ್ನೂ ಜಾಸ್ತಿ, ಆಗ "ಇದು ಯಾಕೆ ಬೇಕು?" ಅಂತ ಖಂಡಿತ ಕೇಳಿ.